ಸೋತದ್ದು ಜೀವಾಮೃತವಲ್ಲ, ಪೈಪು

ದೊಡ್ಡಬಳ್ಳಾಪುರದ ಬಳಿಯ ನನ್ನ ಭಾನುವಾರದ ಬೇಸಾಯದಲ್ಲಿ ಹತ್ತು ಗುಂಟೆ ಬದನೆಗೆ ಯೂರಿಯಾ ಮತ್ತು 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ), ಪಕ್ಕದ ಹತ್ತು ಗುಂಟೆಗೆ ಎಕರೆಗೆ 200 ಲೀಟರ್‌ ಲೆಕ್ಕದ ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ನೀರಿನಲ್ಲಿ ಕಲಸಿ ಹುದುಗಿಸಿದ ದ್ರವಗೊಬ್ಬರ) ಡ್ರಿಪ್ ಪೈಪಿನಲ್ಲಿ ಕೊಡುತ್ತಿದ್ದೇನೆ. ಐದನೆಯ ವಾರ ಜೀವಾಮೃತದ ಪಟ್ಟೆಯಲ್ಲಿ ಎಲೆಗಳು ಹಳದಿಗೆ ತಿರುಗಿದಾಗ, ನೆರೆಹೊಲದ ಹಿರಿಯರು ಬದುವಿನ ಮೇಲೆ ನಿಂತು, ‘ಒಂದು ಹಿಡಿ ಯೂರಿಯಾ ಹಾಕಿ ಸ್ವಾಮಿ, ಹಟ ಯಾಕೆ?’ ಎಂದರು. ನಾನೂ ‘ಸಾರಜನಕದ ಕೊರತೆ’ ಎಂದು ಪುಸ್ತಕದಲ್ಲಿ ಬರೆದುಬಿಟ್ಟೆ.

ಆದರೆ ಹಳದಿಯಾದದ್ದು ಸಾಲಿನ ಕೊನೆಯ ಗಿಡಗಳು ಮಾತ್ರ. ಗೊಬ್ಬರವೇ ಸಾಲದಿದ್ದರೆ ವಾಲ್ವಿನ ಪಕ್ಕದ ಗಿಡಗಳು ಅಷ್ಟು ಕಡುಹಸಿರಾಗಿರಲು ಕಾರಣವಿರಲಿಲ್ಲ. ಗಂಟೆಗೆ 4 ಲೀಟರಿನ ಡ್ರಿಪ್ಪರ್‌ ಹದಿನೈದು ನಿಮಿಷಕ್ಕೆ ಒಂದು ಲೀಟರ್‌ ಕೊಡಬೇಕು. ಮಗ್ಗು ಇಟ್ಟು ಅಳೆದರೆ ಸಾಲಿನ ಕೊನೆಯದರಲ್ಲಿ ಬಂದದ್ದು 200 ಮಿಲಿಲೀಟರ್‌. ಪೈಪಿನ ತುದಿ ಕತ್ತರಿಸಿದಾಗ ಸಗಣಿಯ ನಾರು, ಕಡಲೆಹಿಟ್ಟು ಸೇರಿ ಲೋಳೆಗಟ್ಟಿದ ಕಂದು ಪದಾರ್ಥ ಹೆಬ್ಬೆರಳಿಗೆ ಅಂಟಿಕೊಂಡು ಬಂತು. ಐದು ವಾರ ನಾನು ಹೋಲಿಸಿದ್ದು ಗೊಬ್ಬರಗಳನ್ನಲ್ಲ, ನೀರು ಕುಡಿದ ಗಿಡಗಳನ್ನೂ ಕುಡಿಯದ ಗಿಡಗಳನ್ನೂ.

ಪೈಪಿಗೆ ಆಮ್ಲ ಹರಿಸಿದರೆ ಸುಣ್ಣದ ಪೊರೆ ಕರಗುತ್ತದೆಯೇ ಹೊರತು ಈ ಲೋಳೆ ಜಗ್ಗುವುದಿಲ್ಲ. ಬ್ಲೀಚಿಂಗ್‌ ಪುಡಿಗೆ ಜಗ್ಗುತ್ತದೆ, ಆದರೆ ಬೆಲ್ಲ ತಿನ್ನಿಸಿ ಸಾಕಿದ ಸೂಕ್ಷ್ಮಜೀವಿಗಳ ಬುಡಕ್ಕೇ ಆ ನೀರನ್ನು ಬಿಡಲು ಮನಸ್ಸಾಗಲಿಲ್ಲ. ನಾರು ಪೈಪಿಗೆ ಹೋಗದಂತೆ ತಡೆಯಲು, ಗೀರುಳ್ಳ ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿದ ಡಿಸ್ಕ್‌ ಫಿಲ್ಟರ್‌ ಕೇಳಿದರೆ ಅಂಗಡಿಯವರು ‘ಎರಡೂ ಒಂದೇ ಸಾರ್‌’ ಎಂದು ಜಾಲರಿಯ ಸ್ಕ್ರೀನ್‌ ಫಿಲ್ಟರ್‌ ಕೊಟ್ಟರು. ಅದು ಹತ್ತೇ ನಿಮಿಷದಲ್ಲಿ ನಾರು ಹೊದ್ದು ಮಲಗಿತು. ಸರಿಯಾದದ್ದು ‘ನಾಳೆ’ ಬರಲು ಮೂರು ವಾರ ಹಿಡಿಯಿತು.

ಕೊನೆಗೆ ಕೈ ಹಿಡಿದದ್ದು ಇಷ್ಟು: ಡ್ರಮ್ಮಿನ ತಳದಿಂದ ಒಂದು ಗೇಣು ಮೇಲೆ ನಲ್ಲಿ ಕೂರಿಸಿ, ರಾತ್ರಿಯಿಡೀ ಕಲಕದೆ ಬಿಟ್ಟು, ತಿಳಿಯನ್ನು ಮನೆಯಲ್ಲಿ ಕೇಳದೆ ತಂದ ನೈಲಾನ್‌ ಸೀರೆಯಲ್ಲಿ ಸೋಸಿ, ಅನಂತರ ಡಿಸ್ಕ್‌ ಫಿಲ್ಟರಿಗೆ ಬಿಡುವುದು, ಬಿಟ್ಟ ಮೇಲೆ ಅರ್ಧ ಗಂಟೆ ಬರಿಯ ನೀರು ಹರಿಸಿ, ವಾರಕ್ಕೊಮ್ಮೆ ಸಾಲಿನ ತುದಿಗಳನ್ನು ಬಿಚ್ಚುವುದು. ಈಗ ಕೊನೆಯ ಡ್ರಿಪ್ಪರಿನಲ್ಲಿ 800 ಮಿಲಿಲೀಟರ್‌ ಬರುತ್ತಿದೆ, ಹೊಸ ಚಿಗುರು ಹಸಿರಾಗಿದೆ. 46 ಶೇಕಡಾ ಸಾರಜನಕದ ಯೂರಿಯಾವಾದರೋ ಬಕೆಟ್‌ ನೀರಿನಲ್ಲಿ ಕರಗಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಹೋಲಿಕೆಯ ಲೆಕ್ಕದಲ್ಲಿ ನನ್ನ ಭಾನುವಾರಗಳಿಗೂ ಒಂದು ಕಾಲಂ ಎಳೆದಿದ್ದೇನೆ.

ಮುಂದಿನ ಮುಂಗಾರಿಗೆ ಹಾವೇರಿ ಕಡೆಯ ಗುಳಿ ರಾಗಿ ಮಾಡುವ ಆಸೆಯಿದೆ. ಒಂದೂವರೆ ಅಡಿ ಅಂತರದ ಗುಳಿಗಳಲ್ಲಿ ಸಸಿ ನೆಟ್ಟು, ತೆಂಡೆ (ಬುಡದ ಕವಲು) ಹೆಚ್ಚು ಒಡೆಯಲೆಂದು ಮೇಲೆ ಕೊರಡು ಎಳೆಯುವ ಆ ಪದ್ಧತಿಗೆ ಡ್ರಿಪ್ಪಿನ ಕಾಟವಿಲ್ಲ; ಕೊರಡಿಗೆ ಜಾಲಿಯ ದಿಮ್ಮಿಯನ್ನೂ ನೋಡಿಟ್ಟಿದ್ದೇನೆ.

ಬದನೆಯ ಹಳೆಯ ಐದು ವಾರಗಳ ಅಂಕಿಗಳನ್ನು ಹೊಡೆದುಹಾಕಿದ್ದೇನೆ. ಈ ಭಾನುವಾರ ಮಗ್ಗನ್ನು ಯೂರಿಯಾ ಪಟ್ಟೆಯಲ್ಲೂ ಇಡಬೇಕು. ಅಲ್ಲಿ ಇದುವರೆಗೆ ಅಳೆದೇ ಇಲ್ಲ.