ಮೂರು ಟಿಕ್ಕಲ್ಲಿ ಕೆಳಗಿನದೊಂದೇ ತೆಗೆದಿದ್ದೆ

ಭೂಮ್ಕರ್ ಚೌಕದ ಆ ಚಹಾ ಟಪರಿ ಮುಂದೆ ಹಾದುಹೋಗುವಾಗ ಈಗ್ಲೂ ಮುಖ ಆ ಕಡೆ ತಿರುಗಿಸ್ಕೊಂಡು ಹೋಗ್ತೀನಿ. ಜುಲೈ ಮೊದಲ ಭಾಗ, ಸೋಮವಾರ, ಪುಣೆ ಮಳೆ. ವಾಕಡ್‌ನಿಂದ ಹಿಂಜವಡಿಗೆ ಬೈಕಲ್ಲಿ ಹೊರಟವನು ಅರ್ಧ ಗಂಟೆಯಿಂದ ನಿಂತಲ್ಲೇ ನಿಂತಿದ್ದೆ, ರೇನ್‌ಕೋಟ್ ಒಳಗೆ ಫೋನು ಒಂದೇ ಸಮ ನಡುಗ್ತಿತ್ತು. ಮೂರನೇ ಸಲಕ್ಕೆ ತೆಗೆದೆ. ಚಾಕಣ್ ವೇರ್‌ಹೌಸಲ್ಲಿ ಆ್ಯಪ್ ಸಪೋರ್ಟಿಗೆ ಕೂತಿರೋ ನಮ್ಮ ವಿಜಯಪುರದ ಹುಡುಗ.

"ಅಣ್ಣಾ, ಸ್ಕ್ಯಾನರ್ ಒಂದೂ ಲಾಗಿನ್ ಆಗವಲ್ದು. ಹೊರಗ ಹನ್ನೆರಡು ಗಾಡಿ ನಿಂತಾವು."

"ನೆಟ್‌ವರ್ಕ್‌ನವ್ರಿಗೆ ಹೇಳಪಾ, ಡೇಟಾಬೇಸ್ ಗ್ರೀನ್ ಐತಿ" ಅಂದೆ. ಬೆಳಗ್ಗೆ ಎದ್ದ ತಕ್ಷಣ ಮಾನಿಟರಿಂಗ್ ಮೇಲ್ ನೋಡಿದ್ದೆ, ಎಲ್ಲಾ ಹಸಿರು. ಆ ಟೂಲು ತನ್ನದೇ ವಿಂಡೋಸ್ ಲಾಗಿನ್ನಿಂದ ಒಳಗೆ ಹೋಗುತ್ತೆ, ಆ್ಯಪ್ ಯಾವ ಬಾಗಿಲಿಂದ ಹೋಗುತ್ತೋ ಅದು ಮುಚ್ಚಿದ್ರೂ ಇದಕ್ಕೆ ಗೊತ್ತಾಗಲ್ಲ. ಇಷ್ಟು ವರ್ಷ ಡಿಬಿಎ, ಅಂದ್ರೆ ಡೇಟಾಬೇಸ್ ನೋಡ್ಕೊಳ್ಳೋನು ಅಂತ ಸಂಬಳ ತಗೊಂಡೋನಿಗೆ ಅಷ್ಟು ಹೊಳೀಬೇಕಿತ್ತು. ಹೊಳೀಲಿಲ್ಲ. ನೆಟ್‌ವರ್ಕ್‌ನವರು ಕಾಲು ಗಂಟೆ ಫೈರ್‌ವಾಲ್ ತಡಕಾಡಿ, ಡೇಟಾಬೇಸಿನ ಪೋರ್ಟ್ 1433 ಓಪನ್ ಇದೆ, ನಮ್ಮ ಕಡೆ ಏನೂ ಇಲ್ಲ ಅಂತ ಮೇಲ್ ಹಾಕಿದ್ರು, ಸಿಸಿಯಲ್ಲಿ ಕ್ಲೈಂಟ್ ಮ್ಯಾನೇಜರ್.

ಟಪರಿಯವನ ಸ್ಟೂಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹಾಟ್‌ಸ್ಪಾಟ್ ಹಾಕಿ, ವಿಪಿಎನ್ ಓಟಿಪಿ ಎರಡು ಸಲ ತಪ್ಪು ಹೊಡೆದು ಒಳಗೆ ಹೋದೆ. ತಗಡಿನ ಮೇಲಿಂದ ನೀರು ಕೀಬೋರ್ಡ್ ಅಂಚಿಗೆ ತೊಟ್ಟಿಕ್ತಾ ಇತ್ತು. ಎರರ್ ಲಾಗ್ ತೆಗೆದ್ರೆ ಸಾಲಿಗೆ ಸಾಲು ಎರರ್ ನಂಬರ್ 18487. ಆ್ಯಪ್ ಲಾಗಿನ್ನಿನ ಪಾಸ್‌ವರ್ಡ್ ಅವಧಿ ಮುಗಿದಿದೆ. ಆ್ಯಪ್ ಪರದೆ ಮೇಲೆ ಮಾತ್ರ 'ಡೇಟಾಬೇಸ್ ಕನೆಕ್ಷನ್ ಎರರ್' ಅಂತ ಒಂದೇ ಸಾಲು, ನಂಬರ್ ನುಂಗಿ ಹಾಕಿತ್ತು ಪುಣ್ಯಾತ್ಮ.

ಯಾರು ಮಾಡಿದ್ದು ಅಂತ ಹುಡುಕೋ ಕೆಲಸ ಇರ್ಲಿಲ್ಲ. ಮೇ ತಿಂಗಳ ಕೊನೇ ಶನಿವಾರ ರಾತ್ರಿ ಕಟ್‌ಓವರ್, ಅಂದ್ರೆ ಹಳೇ ಸರ್ವರಿಂದ ಹೊಸದಕ್ಕೆ ಬದಲಾವಣೆ, ಹೊಸ ಬಾಕ್ಸ್, ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2019, ಆ ಲಾಗಿನ್ ಮಾಡಿದ್ದು ನಾನೇ. ರಾತ್ರಿ 11:40ರ ಸುಮಾರಿಗೆ ಮೌಸ್ ಹಿಡಿದು ನ್ಯೂ ಲಾಗಿನ್ ಡೈಲಾಗ್ ತೆಗೆದಿದ್ದೆ. ಎಸ್‌ಕ್ಯೂಎಲ್ ಅಥೆಂಟಿಕೇಶನ್, ಅಂದ್ರೆ ಡೇಟಾಬೇಸಿನದೇ ಹೆಸರು-ಪಾಸ್‌ವರ್ಡ್, ಆರಿಸಿದ್ರೆ ಕೆಳಗೆ ಮೂರು ಟಿಕ್ ತಾವಾಗೇ ಬಿದ್ದಿರ್ತಾವೆ. ಪಾಸ್‌ವರ್ಡಿನ ಪಾಲಿಸಿ ಪಾಲಿಸಬೇಕು, ಪಾಸ್‌ವರ್ಡಿನ ಅವಧಿ ಪಾಲಿಸಬೇಕು, ಮುಂದಿನ ಲಾಗಿನ್ನಿಗೆ ಪಾಸ್‌ವರ್ಡ್ ಬದಲಾಯಿಸಬೇಕು. ಮೂರನೇದು ಇದ್ರೆ ಆ್ಯಪ್ ಒಳಗೇ ಬರಲ್ಲ, 18488 ಹೊಡೆಯುತ್ತೆ, ಅದು ಟೆಸ್ಟಿಂಗಲ್ಲೇ ಅನುಭವ ಆಗಿತ್ತು, ಅದಕ್ಕೆ ಅದೊಂದನ್ನ ತೆಗೆದೆ. ಮೇಲಿನ ಎರಡು ಇರ್ಲಿ ಬಿಡು, ಸೆಕ್ಯೂರಿಟಿಯವರು ಖುಷಿಯಾಗ್ತಾರೆ ಅಂದ್ಕೊಂಡೆ. ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ದೆ, ಸ್ವಲ್ಪ ಬೆನ್ನು ಕೂಡ ತಟ್ಕೊಂಡಿದ್ದೆ.

ಆ ಬಾಕ್ಸ್ ಡೊಮೇನಲ್ಲಿಲ್ಲ, ಅಂದ್ರೆ ಎಲ್ಲಾ ಯಂತ್ರಕ್ಕೂ ಒಂದೇ ಕಡೆಯಿಂದ ನಿಯಮ ಹಾಕೋ ಗುಂಪಲ್ಲಿಲ್ಲ, ಹಾಗಾಗಿ ವಿಂಡೋಸಿನ ಲೋಕಲ್ ಪಾಲಿಸಿಯೇ ಅದಕ್ಕೆ ದೇವರು, ಅಲ್ಲಿ ಪಾಸ್‌ವರ್ಡಿನ ಗರಿಷ್ಠ ಆಯಸ್ಸು ಡಿಫಾಲ್ಟ್ 42 ದಿನ. 42 ಅಂದ್ರೆ ಸರಿಯಾಗಿ ಆರು ವಾರ. ಶನಿವಾರ ರಾತ್ರಿ ಹುಟ್ಟಿದ್ದು ಶನಿವಾರ ರಾತ್ರಿಯೇ ಸತ್ತಿತ್ತು. ಮೊದಲೇ ಒಳಗಿದ್ದ ಕನೆಕ್ಷನ್ನುಗಳನ್ನ ಸರ್ವರ್ ಹೊರಗೆ ಹಾಕಲ್ಲ, ಭಾನುವಾರ ವೇರ್‌ಹೌಸ್ ರಜಾ, ತೆರೆದಿಟ್ಟಿದ್ದ ಕನೆಕ್ಷನ್ನುಗಳ ಪೂಲ್ ಖಾಲಿಯಾಯ್ತು, ಸೋಮವಾರ ಮೊದಲ ಶಿಫ್ಟಿಗೆ ವಾಸನೆ ಬಂತು.

ಇಲ್ಲಿವರೆಗೆ ಆಗಿದ್ದು ಮರೆವು. ಆಮೇಲೆ ಮಾಡಿದ್ದಕ್ಕೆ ಬೇರೆ ಹೆಸರಿದೆ.

ಆಲ್ಟರ್ ಲಾಗಿನ್ ಅನ್ನೋ ಕಮಾಂಡ್ ಬರೆದು ಚೆಕ್ ಎಕ್ಸ್‌ಪಿರೇಶನ್ (ಆ ಅವಧಿಯ ಟಿಕ್) ಆಫ್ ಅಂದಿದ್ರೆ ಮುಗೀತಿತ್ತು, ಹಳೇ ಪಾಸ್‌ವರ್ಡೇ ಮತ್ತೆ ಓಡ್ತಿತ್ತು, ಆ್ಯಪ್ ಕಡೆ ಯಾರೂ ಏನೂ ಮುಟ್ಟಬೇಕಿರ್ಲಿಲ್ಲ. ನಾನೇನ್ ಮಾಡ್ದೆ? 'ಅವಧಿ ಮುಗಿದಿದೆ' ಅಂತ ಓದಿದ ತಕ್ಷಣ ಕೈ ತಾನೇ ಹೊಸ ಪಾಸ್‌ವರ್ಡ್ ಹಾಕೋಕೆ ಹೋಯ್ತು, ನೆಟ್ ಬ್ಯಾಂಕಿಂಗಲ್ಲಿ ಮಾಡೋ ಹಾಗೆ. ಅದೂ ಮೊದಲ ಸಲಕ್ಕೆ ತಗೊಳ್ಳಲಿಲ್ಲ. 15118, ಸಾಕಷ್ಟು ಜಟಿಲವಾಗಿಲ್ಲ. ದೊಡ್ಡಕ್ಷರ ಇದೆ, ಚಿಕ್ಕಕ್ಷರ ಇದೆ, ಅಂಕಿ ಇದೆ, ಅಟ್ ಚಿಹ್ನೆ ಇದೆ, ಇನ್ನೇನು ಬೇಕಪ್ಪಾ ನಿನಗೆ ಅಂತ ಪರದೆಗೇ ಬೈದೆ. ಪಾಸ್‌ವರ್ಡ್ ಒಳಗೆ ಲಾಗಿನ್ ಹೆಸರು ಸೇರಿಸಿದ್ದೆ, ಕಾಂಪ್ಲೆಕ್ಸಿಟಿ ರೂಲಿಗೆ ಅದು ಆಗಲ್ಲ. ಎರಡು ನಿಮಿಷ ಅಲ್ಲಿ ಹೋಯ್ತು.

ಹುಡುಗ ನಾಲ್ಕೂ ಆ್ಯಪ್ ಸರ್ವರಿನ ಕಾನ್ಫಿಗ್ ಫೈಲಲ್ಲಿ ಹೊಸ ಪಾಸ್‌ವರ್ಡ್ ಹಾಕಿದ. "ಬಂತ್ರೀ ಅಣ್ಣಾ, ಬಂತು!" ಅಂದ. ಎಲ್ಲರೂ ಸೇರಿದ್ದ ಬ್ರಿಜ್ ಕಾಲಲ್ಲಿ ನಮ್ಮ ಲೀಡ್ 'ಶಾಬ್ಬಾಸ್' ಅಂದ್ರು. ಟಪರಿಯವನು ಕಟಿಂಗ್ ಚಹಾ ಇಟ್ಟು ಹೋದ. ಗ್ಲಾಸ್ ಎತ್ತಿ ಒಂದು ಗುಟುಕು ಕುಡಿದಿರಬೇಕು, ಅಷ್ಟೇ.

"ಅಣ್ಣಾ, ಹೋತು."

ಈಗ 18486. ಅಕೌಂಟ್ ಲಾಕ್ ಆಗಿದೆ. ಸರ್ವರ್ ಭದ್ರ ಮಾಡೋ ಹಾರ್ಡನಿಂಗ್ ಟೀಮಿನವರು 5 ಸಲ ತಪ್ಪಾದ್ರೆ 30 ನಿಮಿಷ ಬೀಗ ಅಂತ ಸೆಟ್ ಮಾಡಿದ್ರು, ಚೆಕ್ ಪಾಲಿಸಿ, ಅಂದ್ರೆ ಆ ಮೊದಲ ಟಿಕ್, ಆನ್ ಇದ್ರೆ ಅದು ಎಸ್‌ಕ್ಯೂಎಲ್ ಲಾಗಿನ್ನಿಗೂ ಬರುತ್ತೆ. ಪಾಸ್‌ವರ್ಡ್ ಜೊತೆ ಅನ್‌ಲಾಕ್ ಕೊಟ್ಟೆ. ಎದ್ದಿತು. 20 ಸೆಕೆಂಡು ಆಗಿಲ್ಲ, ಮತ್ತೆ ಬೀಗ. ಮತ್ತೆ ಕೊಟ್ಟೆ, ಮತ್ತೆ ಬೀಗ. ಮೂರನೇ ಸಲ ಕಮಾಂಡ್ ಓಡಿಸೋಕೆ ಎಫ್5 ಒತ್ತಿದಾಗ ಬೆರಳು ನಡುಗ್ತಿದ್ದಿದ್ದು ನನಗೇ ಕಾಣ್ತಿತ್ತು. ಬ್ರಿಜ್ ಕಾಲಲ್ಲಿ ಈಗ 16 ಜನ, ಲೀಡ್ "ಅರೇ ಕಾಯ್ ಝಾಲಂ, ಇಟಿಎ ದೇ ನಾ" ಅಂತ, ಏನಾಯ್ತು, ಯಾವಾಗ ಸರಿಯಾಗುತ್ತೆ ಹೇಳು ಅಂತ ಮರಾಠಿಯಲ್ಲಿ, ನಾನು ಪ್ರತಿ ಸಲ "5 ನಿಮಿಷ ಸರ್" ಅಂತ. ಮೂರು ಸಲ 5 ನಿಮಿಷ ಕೇಳಿದ ಮೇಲೆ ಕ್ಲೈಂಟ್ ಕಡೆಯೋರು ಕೇಳೋದೇ ಬಿಟ್ರು, ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಚಹಾ ಮೇಲೆ ಕೆನೆ ಕಟ್ಟಿತ್ತು.

ಆಗ ಎರರ್ ಲಾಗನ್ನ ನಿಧಾನಕ್ಕೆ ಓದಿದೆ. 18456, ಸ್ಟೇಟ್ 8, ಅಂದ್ರೆ ಲಾಗಿನ್ ಸರಿ, ಪಾಸ್‌ವರ್ಡ್ ತಪ್ಪು. ಆ್ಯಪ್ ಕಡೆಗೆ ಸರ್ವರ್ ಯಾವಾಗ್ಲೂ ಸ್ಟೇಟ್ 1 ಅಂತಷ್ಟೇ ಹೇಳುತ್ತೆ, ನಿಜ ಏನಿದ್ರೂ ಲಾಗಲ್ಲಿ. ಪ್ರತಿ ಸಾಲಿನ ಕೊನೆಗೆ ಚೌಕ ಆವರಣದಲ್ಲಿ ಕ್ಲೈಂಟ್ ಐಪಿ, ಅಂದ್ರೆ ಒಳಗೆ ಬರೋಕೆ ನೋಡಿದ ಯಂತ್ರದ ವಿಳಾಸ ಇರುತ್ತೆ. ಅರ್ಧ ಗಂಟೆಯಿಂದ ಅದೇ ಸಾಲುಗಳನ್ನ ನೋಡ್ತಿದ್ದೆ, ಬಲತುದಿವರೆಗೆ ಸ್ಕ್ರಾಲ್ ಮಾಡಿರ್ಲಿಲ್ಲ, ಕಂಡಿದ್ದು ನಂಬರ್ ಮಾತ್ರ. ಎಲ್ಲಾ ಒಂದೇ ಐಪಿ, ಆದ್ರೆ ನಮ್ಮ ನಾಲ್ಕರಲ್ಲಿ ಅದು ಯಾವುದೂ ಅಲ್ಲ.

"ಐಪಿ ಕೊನೆಗೆ 41 ಐತಲ್ಲ, ಅದ್ಯಾವ್ದೋ?"

"41... ಅದು ಲೇಬಲ್ ಪ್ರಿಂಟ್ ಮಾಡೋ ಪೆಟಗಿ ಅಲ್ರೀ ಅಣ್ಣಾ, ಮೂಲ್ಯಾಗ ಧೂಳ ತಿಂತಾ ಕುಂತೈತಲ್ಲ."

ಕಟ್‌ಓವರ್ ಶೀಟಲ್ಲಿ ಅದರ ಹೆಸರೇ ಇರ್ಲಿಲ್ಲ. 3 ಸೆಕೆಂಡಿಗೊಮ್ಮೆ ಹಳೇ ಪಾಸ್‌ವರ್ಡ್ ಹಿಡ್ಕೊಂಡು ಬಾಗಿಲು ಬಡೀತಿತ್ತು. ಐದು ಸಲಕ್ಕೆ 15 ಸೆಕೆಂಡ್ ಸಾಕು. "ಅದರ ಸರ್ವಿಸ್ ಬಂದ್ ಮಾಡ್ ಮೊದ್ಲ" ಅಂದೆ, ಮಾಡಿದ. ಚೆಕ್ ಪಾಲಿಸಿ ಆಫ್ ಮಾಡಿ ಮತ್ತೆ ಆನ್ ಮಾಡ್ದೆ, ಹಂಗೆ ಮಾಡಿದ್ರೆ ಪಾಸ್‌ವರ್ಡ್ ಮುಟ್ಟದೆ ಬೀಗ ಬಿಚ್ಚುತ್ತೆ. ಆನ್ ಮಾಡೋವಾಗ ಅದೇ ಸಾಲಲ್ಲಿ ಎಕ್ಸ್‌ಪಿರೇಶನ್ ಆಫ್ ಅಂತ ಬಾಯ್ಬಿಟ್ಟು ಬರೀಬೇಕು, ಇಲ್ಲಾಂದ್ರೆ ಅದೂ ಜೊತೆಗೆ ಆನ್ ಆಗಿ ಕೂರುತ್ತೆ. 9:25ಕ್ಕೆ ಎದ್ದಿದ್ದು ಆಮೇಲೆ ಬೀಳಲಿಲ್ಲ.

ಮರುದಿನ ಆರ್‌ಸಿಎ, ಅಂದ್ರೆ ಮೂಲ ಕಾರಣ ಏನು ಅಂತ ಬರೆಯೋ ವರದಿ. ಟೆಂಪ್ಲೇಟಲ್ಲಿ ಕಾರಣಕ್ಕೆ ಇರೋದು ಡ್ರಾಪ್‌ಡೌನು, 'ಹ್ಯೂಮನ್ ಎರರ್' ಆರಿಸಿದ್ರೆ ಕೆಂಪು, 'ಪ್ರೋಸೆಸ್ ಗ್ಯಾಪ್' ಆರಿಸಿದ್ರೆ ಹಳದಿ, ಲೀಡ್ ಹಳದಿ ಹಾಕು ಅಂದ್ರು. ಆ ಲಾಗಿನ್ನಿಗೆ ಅವಧಿ ಬೇಡ ಅಂತ ಬರೆಸ್ಕೊಳ್ಳೋ ಎಕ್ಸೆಪ್ಶನ್ ಫಾರ್ಮಿಗೆ ನಾಲ್ಕು ಜನರ ಅಪ್ರೂವಲ್ಲು, ಅದು ತಗೊಂಡ ದಿನಗಳಲ್ಲಿ ಇನ್ನೊಂದು ಪಾಸ್‌ವರ್ಡ್ ಎಕ್ಸ್‌ಪೈರ್ ಆಗ್ತಿತ್ತು. ಇನ್ನೊಂದು ಚುಚ್ಚೋದು ಇದು: ಮೌಸ್ ಬಿಟ್ಟು ಕ್ರಿಯೇಟ್ ಲಾಗಿನ್ ಅಂತ ಸ್ಕ್ರಿಪ್ಟ್ ಬರೆದಿದ್ರೆ ಎಕ್ಸ್‌ಪಿರೇಶನ್ ಡಿಫಾಲ್ಟಾಗೇ ಆಫ್ ಇರ್ತಿತ್ತು. ಒಂದೇ ಕೆಲಸಕ್ಕೆ ಡೈಲಾಗಲ್ಲಿ ಒಂದು ಡಿಫಾಲ್ಟು, ಸ್ಕ್ರಿಪ್ಟಲ್ಲಿ ಇನ್ನೊಂದು. ಈಗ ಲಾಗಿನ್‌ಪ್ರಾಪರ್ಟಿ ಅನ್ನೋ ಫಂಕ್ಷನ್ನಿಗೆ 'ಡೇಸ್ ಅನ್‌ಟಿಲ್ ಎಕ್ಸ್‌ಪಿರೇಶನ್' ಕೊಟ್ಟು, ಯಾವ ಪಾಸ್‌ವರ್ಡಿಗೆ ಎಷ್ಟು ದಿನ ಉಳಿದಿದೆ ಅಂತ ಎಲ್ಲಾ ಸರ್ವರಿಂದ ವಾರಕ್ಕೊಮ್ಮೆ ತೆಗೀತೀನಿ, ಮೊದಲ ಸಲ ತೆಗೆದಾಗ ಒಂದು ಕಡೆ 3 ದಿನ ಉಳಿದಿತ್ತು. ಅದನ್ನ ಮಾಡಿದ್ದು ನಾನಲ್ಲ. ಯಾರು ಅಂತ ಆರ್‌ಸಿಎ ಕಾಲಲ್ಲಿ ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.

ಹಾಂ, ಆ ಸೋಮವಾರದ್ದೇ ಒಂದು ಬಾಕಿ. ಮಧ್ಯಾಹ್ನ ಎರಡಕ್ಕೆ ಕ್ಯಾಂಟೀನಲ್ಲಿ ಪಾವ್ ಭಾಜಿ ಮುಂದಿಟ್ಕೊಂಡು, ಮುಗೀತಪ್ಪಾ ಅಂತ ಕೂತಿದ್ದೆ. ಫೋನ್ ಬಂತು.

"ಅಣ್ಣಾ, ಊಟ ಆತೇನ್ರೀ?"

"ಮಾಡಾಕತ್ತೇನಿ, ಹೇಳು."

"ಏನಿಲ್ಲ, ಬೆಳಿಗ್ಗಿಂದ ಲೇಬಲ್ ಒಂದೂ ಬಂದಿಲ್ಲಂತ. ಗಾಡಿ ಎಲ್ಲಾ ಲೋಡ್ ಆಗ್ಯಾವು, ಯಾವ ಡಬ್ಬಿ ಯಾವ ಊರಿಗಿ ಅಂತ ಯಾರಿಗೂ ಗೊತ್ತಿಲ್ಲ. ಆ ಪೆಟಗಿ ಬಂದ್ ಮಾಡ್ಸಿದ್ರೆಲ್ಲ, ಚಾಲೂ ಮಾಡ್ಲೇನು?"