ಒಂದೇ ಸಾಲು, ಇಬ್ಬರ ಕೈ

ಕಲಬುರಗಿಯ ಬಿಸಿಲು ಗೊತ್ತಲ್ವಾ, ಮಧ್ಯಾಹ್ನ ಲ್ಯಾಬಿನ ಫ್ಯಾನ್ ಕೂಡ ಬಿಸಿಗಾಳಿಯನ್ನೇ ಬೀಸುತ್ತದೆ. ಇವತ್ತು ಅಂಥ ಹೊತ್ತಿನಲ್ಲೇ ಇಬ್ಬರು ವಿದ್ಯಾರ್ಥಿಗಳಿಗೆ ಬೇಕಂತಲೇ ಕೋಡ್‌ನ ಒಂದೇ ಸಾಲನ್ನು ಬದಲಿಸಲು ಹೇಳಿದೆ. ತೊಗರಿ ದರ ತೋರಿಸುವ ಪುಟ್ಟ ಆಪ್ ಅದು. ಇಬ್ಬರ ಬದಲಾವಣೆಗಳನ್ನೂ ಒಂದುಗೂಡಿಸುವಾಗ, ಅಂದರೆ ಮರ್ಜ್ ಮಾಡುವಾಗ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನೋ ಸಾಫ್ಟ್‌ವೇರ್ ನಿಂತುಬಿಟ್ಟಿತು. ಮೇಲೊಬ್ಬರ ಸಾಲು, ಕೆಳಗೊಬ್ಬರ ಸಾಲು, ನಡುವೆ ಏಳು ಸಮ ಚಿಹ್ನೆ. ಯಾವುದು ಉಳಿಯಬೇಕು ಅಂತ ಗಿಟ್ ಹೇಳುವುದಿಲ್ಲ, ಇಬ್ಬರೂ ಕೂತು ಮಾತಾಡಲೇಬೇಕು.

ಆಳಂದದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಸ್ಕ್ರೀನ್ ಮೇಲೆ ಬೆರಳಿಟ್ಟು, 'ನಿಂದೂ ಸರಿ ಅದ. ಆದ್ರ ರೇಟು ಬರ್ಲಿಲ್ಲಂದ್ರ ಸೊನ್ನೆ ತೋರಿಸ್ತದಲ್ಲ, ರೈತರು ಗಾಬರಿ ಆಗಲ್ಲೇನು?' ಅಂದಳು. ಹುಡುಗ ಸ್ವಲ್ಪ ಹೊತ್ತು ಸುಮ್ನಿದ್ದು, ಕೀಬೋರ್ಡನ್ನು ಅವಳ ಕಡೆ ಸರಿಸಿದ.

2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಶುರು ಮಾಡಿದ್ದೇ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ದೂರ ದೂರದಿಂದ ಕೋಡ್ ಬರೆಯುವವರಿಗಾಗಿ. ನಾನು ಮಾತ್ರ ಎಷ್ಟೋ ವರ್ಷ ಅದರ ಕಮಾಂಡ್‌ಗಳನ್ನಷ್ಟೇ ಕಲಿಸಿದೆ. ತಂಡದಲ್ಲಿ ಒಬ್ಬರೇ ಎಲ್ಲ ಬರೆದರೂ ನಾಲ್ವರಿಗೂ ಮಾರ್ಕ್ಸ್ ಹಾಕಿದೆ. ಅದು ಈಗಲೂ ಮನಸ್ಸನ್ನು ಕೊರೆಯುತ್ತದೆ.

ಸಂಜೆ ಕಮಿಟ್ ಪಟ್ಟಿ, ಅಂದರೆ ಗಿಟ್‌ನಲ್ಲಿ ಯಾರು ಯಾವ ಬದಲಾವಣೆ ಉಳಿಸಿದರು ಎಂಬ ದಾಖಲೆ, ನೋಡಿದೆ. ಕೊನೆಯ ಕಮಿಟ್ ಅವಳದು. ಅದರ ಜೊತೆ ಬರೆದ ಸಂದೇಶದಲ್ಲಿ ಇಬ್ಬರ ಹೆಸರೂ ಇತ್ತು.