ಒಂಬತ್ತನೇ ಪುಟದ ಸಾಲು

2025ರ ಜುಲೈ. ಪುಣೆಯ ಹಿಂಜವಡಿಯಲ್ಲಿ ಬೆಳಿಗ್ಗೆಯಿಂದ ಬಿಡದ ಮಳೆ. ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರನ್ನು ಆವೃತ್ತಿ 13ರಿಂದ 17ಕ್ಕೆ ಏರಿಸಬೇಕಿತ್ತು. ನವೆಂಬರ್‌ನಲ್ಲಿ 13ಕ್ಕೆ ಸಪೋರ್ಟ್ ಮುಗಿಯುವುದಿತ್ತು. ಏರಿಸುವ ದಿನ ಏನೇನು ಮಾಡಬೇಕು ಅಂತ ಆಫೀಸಿನಲ್ಲಿ ಹನ್ನೊಂದು ಪುಟದ ಡಾಕ್ಯುಮೆಂಟ್ ಇತ್ತು. ಅದನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಪುಟಗಳಲ್ಲಿ ಸಣ್ಣಪುಟ್ಟ ತಪ್ಪುಗಳು. ಆವೃತ್ತಿ ಏರಿಸುವ ಟೂಲ್ ಪಿಜಿ_ಅಪ್‌ಗ್ರೇಡನ್ನು ಹಳೇ ಆವೃತ್ತಿಯ ಫೋಲ್ಡರ್‌ನಿಂದ ಓಡಿಸಿ ಅಂತ ಬರೆದಿದ್ದರು. ಹೊಸ ಆವೃತ್ತಿಯದನ್ನೇ ಓಡಿಸಬೇಕು. ತಿದ್ದಿದೆ. ಒಂಬತ್ತನೇ ಪುಟಕ್ಕೆ ಬಂದಾಗ ಕೈ ನಿಂತಿತು. 'ತೊಂದರೆ ಆದರೆ ಹೊಸ ಸರ್ವರ್ ನಿಲ್ಲಿಸಿ, ಹಳೆಯದನ್ನು ಚಾಲೂ ಮಾಡಿ.' ಆದರೆ ಮೂರು ಪುಟ ಹಿಂದೆ ಇದೇ ಡಾಕ್ಯುಮೆಂಟ್ ಲಿಂಕ್ ಮೋಡ್ ಬಳಸಿ ಅಂದಿತ್ತು!

ಲಿಂಕ್ ಮೋಡ್‌ನಲ್ಲಿ ಡೇಟಾ ಕಾಪಿ ಆಗುವುದಿಲ್ಲ. ಒಂದೇ ಫೈಲಿಗೆ ಹಳೇ ಫೋಲ್ಡರ್‌ನಲ್ಲೊಂದು ಹೆಸರು, ಹೊಸದರಲ್ಲೊಂದು ಹೆಸರು. ಅದಕ್ಕೇ ಕೆಲಸ ಬೇಗ ಮುಗಿಯುತ್ತದೆ. ಆದರೆ ಹೊಸ ಸರ್ವರ್ ಒಮ್ಮೆ ಚಾಲೂ ಆಗಿ ಆ ಫೈಲುಗಳಲ್ಲಿ ಬರೆಯತೊಡಗಿತೋ, ಮುಗೀತು, ಹಳೆಯದನ್ನು ನಂಬುವಂತಿಲ್ಲ. ಉಳಿಯೋದು ಬ್ಯಾಕಪ್ ಒಂದೇ.

ನಮ್ಮ ಟೀಮಿನ ಹಿರಿಯರು ಬಾಗಲಕೋಟೆ ಕಡೆಯವರು. ಅವರಿಗೆ ತೋರಿಸಿದೆ.

"ಹಳೇ ಫೋಲ್ಡರ್ ಹಂಗೇ ಇರತೈತಲ್ಲೋ ತಮ್ಮಾ, ಯಾಕ ಚಾಲೂ ಆಗೂದಿಲ್ಲ?"

"ಫೋಲ್ಡರ್ ಇರತೈತ್ರಿ ಸರ್. ಒಳಗಿನ ಫೈಲ್ ಎರಡೂ ಕಡೆ ಒಂದರಿ. ನೋಡ್ರಿ ಬೇಕಾದ್ರ."

ಟೆಸ್ಟ್ ಮಷಿನ್‌ನಲ್ಲಿ ಎರಡೂ ಫೋಲ್ಡರ್‌ಗಳ ಪಟ್ಟಿಯನ್ನು ಐನೋಡ್ ನಂಬರ್ (ಡಿಸ್ಕಿನಲ್ಲಿ ಪ್ರತಿ ಫೈಲಿನ ಗುರುತಿನ ಸಂಖ್ಯೆ) ಸಮೇತ ತೆಗೆದೆ. ಅವರು ಸ್ಕ್ರೀನಿನ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಓದಿದರು. ಎಡಕ್ಕೂ ಬಲಕ್ಕೂ ಅದೇ ನಂಬರ್. ಮುಂದೆ ಲಿಂಕ್ ಲೆಕ್ಕದ ಜಾಗದಲ್ಲಿ 2, ಅಂದರೆ ಒಂದೇ ಫೈಲಿಗೆ ಎರಡು ಹೆಸರು. "ರಾತ್ರಿ ಎರಡಕ್ಕ ಯಾರರ ಈ ಸಾಲು ನಂಬಿದ್ರ?" ಅಂದವರು ಸುಮ್ಮನಾಗಿಬಿಟ್ಟರು. ನನಗೂ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಆ ಸಾಲನ್ನು ಒಡೆದು ಎರಡು ಮಾಡಿದೆ. ಹೊಸ ಸರ್ವರ್ ಇನ್ನೂ ಚಾಲೂ ಆಗಿಲ್ಲವೇ? ಹಳೇ ಗ್ಲೋಬಲ್ ಫೋಲ್ಡರ್‌ನಲ್ಲಿ ಪಿಜಿ_ಕಂಟ್ರೋಲ್ ಫೈಲಿನ ಹೆಸರಿನ ಕೊನೆಗೆ '.ಓಲ್ಡ್' ಸೇರಿದ್ದರೆ ಹೆಸರಿನಿಂದ ಆ '.ಓಲ್ಡ್' ಅಷ್ಟೇ ತೆಗೆದು ಹಿಂದಕ್ಕೆ ಹೋಗಬಹುದು. ಚಾಲೂ ಆಗಿದೆಯೇ? ಹಳೆಯದನ್ನು ಮುಟ್ಟಬೇಡಿ, ಬ್ಯಾಕಪ್‌ನಿಂದ ತನ್ನಿ. ಒಂಬತ್ತನೇ ಪುಟದಲ್ಲಿ ಇದನ್ನು ಇಟ್ಟರೆ ಪ್ರಯೋಜನವಿಲ್ಲ. ಆ ಪುಟ ತೆರೆಯುವುದೇ ಕೈಮೀರಿದ ಮೇಲೆ, ಅಲ್ವಾ? ಅದಕ್ಕೆ ಆರನೇ ಪುಟದಲ್ಲಿ, ಹೊಸ ಸರ್ವರ್ ಚಾಲೂ ಮಾಡುವ ಕಮಾಂಡಿನ ತಲೆಯ ಮೇಲೇ ತಂದು ಕೂರಿಸಿದೆ. ಕೊನೆಯಲ್ಲಿ ಅನಲೈಜ್ (ಟೇಬಲ್‌ಗಳ ಅಂಕಿಅಂಶ ಹೊಸದಾಗಿ ಕಲೆಹಾಕುವ ಕಮಾಂಡ್) ಮಾಡಿ ಅನ್ನೋ ಹೆಜ್ಜೆಯೂ ಬಿಟ್ಟುಹೋಗಿತ್ತು. 17ಕ್ಕೆ ಹೋಗುವಾಗ ಟೇಬಲ್‌ಗಳ ಅಂಕಿಅಂಶ ಜೊತೆಗೆ ಬರುವುದಿಲ್ಲ, ಕ್ವೆರಿಗಳು ನಿಧಾನವಾಗುತ್ತವೆ. ಅದನ್ನೂ ಸೇರಿಸಿದೆ.

ಮಧ್ಯಾಹ್ನ ಟೀಮಿಗೆ ಹೊಸದಾಗಿ ಬಂದ ಹುಡುಗಿಯನ್ನು ಕೂರಿಸಿ, "ನಾನು ಬಾಯಿ ಬಿಡೋದಿಲ್ಲ, ಬರೆದದ್ದನ್ನಷ್ಟೇ ನೋಡಿ ಮಾಡಮ್ಮಾ" ಅಂದೆ. ಆರನೇ ಪುಟದಲ್ಲಿ ಅವಳು ಕೀಬೋರ್ಡಿನಿಂದ ಕೈ ತೆಗೆದಳು. "ಸರ್, ಬ್ಯಾಕಪ್ ವಾಪಸ್ ಹಾಕಿ ನೋಡಿದ್ದೀರಾ?"

ತೆಗೆದಿಟ್ಟಿದ್ದೆವು. ಹಾಕಿ ನೋಡಿರಲಿಲ್ಲ. ಅವತ್ತು ಸಂಜೆಯೇ ಬೇರೆ ಮಷಿನ್‌ಗೆ ಹಾಕಲು ಕೂತೆವು.